ನಾಕಾದಾಚೆಯ ಗಾಜಿನ ಪೆಟ್ಟಿಗೆ

ಐನಾಪುರ, ತಾ. ಅಥಣಿ
9 ಫೆಬ್ರುವರಿ 1988

ಬೇಡಗದ ಬೀಗತಿ ಮಲಕವ್ವನವರಿಗೆ ಐನಾಪುರದ ಶಿವಗಂಗವ್ವನ ನಮಸ್ಕಾರ.

ನನ್ನ ಮಗಳು, ನಿಮ್ಮ ಸೊಸೆ ಕಾಳವ್ವ ಗಟ್ಟಿಯಾಗಿದ್ದಾಳೆ. ಮೊದಲು ಇದನ್ನು ಬರೆದುಬಿಡುತ್ತೇನೆ. ಉಳಿದದ್ದನ್ನು ನಿಮ್ಮ ಮಗ ಅಣ್ಣಾಸಾಬ ಬಂದು ಮಣ್ಣು ಕೊಟ್ಟು ಹೋದ ಮೇಲೆ ನೀವು ಕೇಳಿಯೇ ಇರುತ್ತೀರಿ. ಆದರೂ ಚೊಚ್ಚಲ ಬಾಣಂತನ ತವರಿನದು. ತವರಿನ ಕೈಯಿಂದ ಒಂದು ಕಾಗದ ಬರದಿದ್ದರೆ ಹೇಗೆ? ಬೀಗರು ಹಾಸಿಗೆ ಹಿಡಿದಿರುವಾಗ ನೀವು ಅವರನ್ನು ಬಿಟ್ಟು ಬರುವಂತಿಲ್ಲ ಎಂಬುದು ನಮಗೆ ಗೊತ್ತಿದೆ.

ಶುಕ್ರವಾರ ಮುಂಜಾನೆ ಗಂಡುಕೂಸು ಹುಟ್ಟಿತು. ಅಂದೇ ಮಧ್ಯಾಹ್ನ ಹೋಯಿತು. ಋಣ ಅಷ್ಟೇ ಇತ್ತು. ಮಲ್ಲಯ್ಯ ಕೊಟ್ಟ, ಮಲ್ಲಯ್ಯನೇ ಕರೆದುಕೊಂಡ. ನಮ್ಮ ಯಜಮಾನರು ರಾವಸಾಹೇಬರು ಮಾಡಬೇಕಾದ್ದನ್ನೆಲ್ಲ ಮಾಡಿದರು, ಯಾವುದಕ್ಕೂ ಹಿಂದೆ ಬೀಳಲಿಲ್ಲ.

ಕಾಳವ್ವನ ಮೈ ಇನ್ನೂ ಹಸಿ. ಎದೆಹಾಲು ನಿಲ್ಲದೆ ಒದ್ದಾಡುತ್ತಾಳೆ. ಯುಗಾದಿ ತನಕ ಇಲ್ಲೇ ಇರಲಿ. ಹೆಚ್ಚಿಗೆ ಏನು ಬರೆಯಲಿ?

ಶಿವಗಂಗವ್ವ

 

ಬೇಡಗ, ತಾ. ಮಿರಜ
17 ಫೆಬ್ರುವರಿ 1988

ಐನಾಪುರದ ಬೀಗರಿಗೆ,

ಕೊಕಟನೂರಿನ ಕನ್ನಡ ಶಾಲೆ ಬಿಟ್ಟು ಈ ಊರಿಗೆ ಸೊಸೆಯಾಗಿ ನಡೆಯಲು ಬಂದಂದಿನಿಂದ ನನ್ನದು ಮರಾಠಿಯಲ್ಲೇ ಬಾಳುವೆ. ಕನ್ನಡದಲ್ಲಿ ಕಾಗದ ಬರೆದು ಎಷ್ಟೋ ವರ್ಷವಾಯಿತು. ಇಂಥದ್ದನ್ನು ಬರೆಯಲಿಕ್ಕೇ ಅಕ್ಷರ ನೆನಪಾಗಬೇಕಿತ್ತೇ!

ಋಣ ಅಂತೆ, ಮಲ್ಲಯ್ಯ ಅಂತೆ. ದೇವರ ಮೇಲೆ ಹಾಕಿ ಕೈ ತೊಳೆದುಕೊಂಡಿರಿ. ಮುಂಜಾನೆ ಹುಟ್ಟಿತು, ಮಧ್ಯಾಹ್ನ ಹೋಯಿತು ಎಂದು ಬರೆದಿದ್ದೀರಲ್ಲ, ನಡುವೆ ಏನಾಯಿತು? ಅದನ್ನು ಯಾಕೆ ನುಂಗಿದಿರಿ? ಅಣ್ಣಾಸಾಬನನ್ನು ಕೇಳಿದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ.

ಹೆರಿಗೆ ಇಲ್ಲೇ ಆಗಲಿ, ಮಿರಜ ಹತ್ತಿರ ಎಂದು ನಾನು ಮೊದಲೇ ಹೇಳಿದ್ದೆ. ನಿಮ್ಮ ಅತ್ತೆ ಕೆಂಚವ್ವಜ್ಜಿ ಏನೆಂದು ಹೇಳಿ ಕಳಿಸಿದರು? "ಚೊಚ್ಚಲ ಗಂಡನ ಮನ್ಯಾಗ ಆದ್ರ ತವರಿನ ಮಾನ ಏನ್ ಉಳೀತು?" ಎಂದರು. ಈಗ ಉಳಿಯಿತೇ ಮಾನ?

ನಮ್ಮ ಓಣಿಯ ನಾಮದೇವನ ಮೊಮ್ಮಗ ಹೋದ ಯುಗಾದಿಗೆ ಹುಟ್ಟಿದಾಗ ಅಳಲೇ ಇಲ್ಲ, ಮೈಯೆಲ್ಲ ನೀಲಿ. ಮಿರಜಿಗೆ ಫೋನ್ ಹಚ್ಚಿದರು. ಅಲ್ಲಿಯ ದವಾಖಾನೆಯ ವ್ಯಾನ್ ಮನೆ ಬಾಗಿಲಿಗೆ ಬಂತು. ಅದರೊಳಗೆ ಕೂಸಿಗೆಂದೇ ಒಂದು ಗಾಜಿನ ಪೆಟ್ಟಿಗೆ, ತಾಯಿಯ ಹೊಟ್ಟೆಯಷ್ಟೇ ಬೆಚ್ಚಗೆ, ಜೊತೆಗೆ ಒಬ್ಬಳು ನರ್ಸಬಾಯಿ. ಇವತ್ತು ಆ ಹುಡುಗ ನಮ್ಮ ಅಂಗಳದಲ್ಲಿ ಅಂಬೆಗಾಲಿಟ್ಟು ಕೋಳಿಮರಿಯ ಬೆನ್ನು ಹತ್ತುತ್ತಾನೆ. ನಾನು ಅವನನ್ನು ನೋಡಲಾರದೆ ಒಳಗೆ ಹೋಗುತ್ತೇನೆ.

ದ್ರಾಕ್ಷಿ ಪಡ, ಕಬ್ಬಿನ ತೋಟ ಎಂದು ಮೀಸೆ ತಿರುವುವ ನಿಮ್ಮ ಯಜಮಾನರಿಗೆ ಒಂದು ಗಾಡಿ ಸಿಗಲಿಲ್ಲವೇ? "ಏಕ ಗಾಡಿ ಮಿಳಾಲಿ ನಾಹೀ?" ಎಂದು ನಮ್ಮವರು ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಾರೆ. ನಾನೇನು ಹೇಳಲಿ?

ಸೊಸೆಯನ್ನು ಯುಗಾದಿ ತನಕ ಯಾಕೆ, ನಿಮಗೆ ಬೇಕಾದಷ್ಟು ದಿನ ಇಟ್ಟುಕೊಳ್ಳಿ.

ಮಲಕವ್ವ

 

ಐನಾಪುರ
2 ಮೇ 1988

ಬೀಗತಿಯವರೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಯುಗಾದಿ ಬಂತು, ಹೋಯಿತು. ನಿನ್ನೆ ಅದು ಕಾಳವ್ವನ ಕೈಗೆ ಸಿಕ್ಕಿತು. ಓದಿ, "ಯವ್ವಾ, ಗಾಜಿನ ಪೆಟಗಿ ಇತ್ತಂತ. ನಮಗ ಯಾಕ ಯಾರೂ ಹೇಳಲಿಲ್ಲ?" ಎಂದಳು. ಅಳಲೂ ಇಲ್ಲ. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನ್ನ ಗಂಡನ ಮಾನ, ನಿಮ್ಮ ಸಿಟ್ಟು, ಎರಡೂ ಒತ್ತಟ್ಟಿಗಿರಲಿ. ನಡುವೆ ಏನಾಯಿತು ಎಂದು ಕೇಳಿದಿರಲ್ಲ, ಕೇಳಿರಿ.

ಗಾಡಿ ಸಿಗಲಿಲ್ಲವೇ ಎಂದಿರಿ. ಸಿಕ್ಕಿತ್ತು! ಸಿಕ್ಕಿದ್ದೇ ಘಾತವಾಯಿತು.

ಕಾಳವ್ವ ನಮ್ಮ ಭಾಗದ ಸರಕಾರಿ ದವಾಖಾನೆಯಲ್ಲೇ ಹೆತ್ತಳು. ಕೂಸು ಬೆಕ್ಕಿನ ಮರಿಯಂತೆ ಒಂದು ದನಿ ತೆಗೆದು ಸುಮ್ಮನಾಯಿತು. ತುಟಿ ನೀಲಿಯಾಯಿತು. ಡಾಕ್ಟರು, "ಇಲ್ಲಿ ಆಗೂದಿಲ್ರಿ, ದೊಡ್ಡ ದವಾಖಾನಿಗೆ ಒಯ್ರಿ" ಎಂದರು. ಹೊರಗೆ ಧರೆಪ್ಪನ ಟೆಂಪೊ ನಿಂತಿತ್ತು, ಅವನು "ನಡೀರಿ, ಮಿರಜಿಗೆ ಹೊಡೀತೇನಿ" ಎಂದ. ನಮ್ಮವರು ಬೇಡವೆಂದರು. "ನನ್ನ ಮೊಮ್ಮಗ ಟೆಂಪೊದಾಗ ಯಾಕ ಹೋಗ್ಬೇಕು? ಸರಕಾರಿ ಜೀಪು ಐತಿ, ಗಾಳಿ ಬಾಟ್ಲಿ ಐತಿ" ಎಂದು ತಾವೇ ನಿಂತು ಮಾತಾಡಿ ದವಾಖಾನೆಯ ಜೀಪು ಹೊರಡಿಸಿದರು. ಸರಕಾರಿ ಗಾಡಿ ಬಂತೆಂದರೆ ಬದುಕಿದೆವು ಎಂದು ನಾವೆಲ್ಲ ತಿಳಿದೆವು. ಹನ್ನೆರಡು ದಿನದೊಳಗೆ ಕೂಸು ಊರ ಸೀಮೆ ದಾಟಬಾರದೆಂದು ಅತ್ತೆಯವರು ಅಡ್ಡ ನಿಂತರು. ಅವರನ್ನು ಸರಿಸಿ, ಕೂಸಿನ ಹಣೆಗೆ ಮಲ್ಲಯ್ಯನ ಭಂಡಾರ ಹಚ್ಚಿ, ನಾನು ಹತ್ತಿ ಕೂತೆ.

ಊರ ಹೊರಗೆ ಕೂಡುರಸ್ತೆ ಇದೆಯಲ್ಲ. ಒಂದು ಕಡೆ ಹೋದರೆ ಕಾಗವಾಡ, ಅದರಾಚೆ ರಾಜ್ಯದ ಗಡಿಯ ನಾಕಾ, ನಾಕಾದಾಚೆ ನಿಮ್ಮ ಮಿರಜ. ಇನ್ನೊಂದು ಕಡೆ ಹೋದರೆ ಕುಡಚಿ, ರಾಯಬಾಗ, ಇಡೀ ಜಿಲ್ಲೆ ಸೀಳಿಕೊಂಡು ಬೆಳಗಾವಿ. ಡ್ರೈವರ್ ದುರಗಪ್ಪ ಜೀಪನ್ನು ಬೆಳಗಾವಿಯ ಕಡೆ ತಿರುಗಿಸಿದ.

"ಎಲ್ಲಿಗೆ ಹೊಡೀತಿಯೋ ದುರಗಪ್ಪ? ಮಿರಜ ಆ ಕಡೆ ಐತಲ್ಲ!" ಎಂದು ಒದರಿದೆ.

"ಬೆಳಗಾವಿಗೆ ಚೀಟಿ ಬರದಾರ್ರಿ ಅಕ್ಕಾರ."

"ಬೆಳಗಾವಿ ಮುಟ್ಟೂದ್ರಾಗ ಹೊತ್ತ ಮುಳುಗತೈತಿ! ಮಿರಜ ಕೂಗಳತಿಗೆ ಐತಿ!"

"ಅದು ಬ್ಯಾರೆ ರಾಜ್ಯರಿ. ಸರಕಾರಿ ಗಾಡಿ ನಾಕಾ ದಾಟಿದ್ರ ನನ್ನ ನೌಕರಿ ಹೋಗ್ತೈತಿ. ನಾನೂ ಮಕ್ಕಳೊಂದಿಗ್ರಿ."

ನಾನು ಬೈದೆ, ಬೇಡಿಕೊಂಡೆ, ಇಳಿಯುತ್ತೇನೆಂದೆ. ಇಳಿದರೆ ಕೂಸಿಗೆ ಉಸಿರು ಕೊಡುವ ಗಾಳಿ ಬಾಟ್ಲಿ ಜೀಪಿನಲ್ಲೇ ಉಳಿಯುತ್ತದೆ. ಹೀಗಾಗಿ ಕೂತೆ. ರಾಯಬಾಗ ದಾಟಿದ ಮೇಲೆ ಕೂಸಿನ ಅಂಗಾಲು ನನ್ನ ಅಂಗೈಯಲ್ಲಿ ತಣ್ಣಗಾಯಿತು. ಸೆರಗಿನಲ್ಲಿ ಸುತ್ತಿದೆ, ಎದೆಗೆ ಒತ್ತಿಕೊಂಡೆ, ಉಸಿರು ಊದಿದೆ. ದುರಗಪ್ಪ ಗಾಡಿ ನಿಲ್ಲಿಸಿ ಬೇವಿನ ಮರದ ಕೆಳಗೆ ಕೂತು ಅತ್ತ. ಅತ್ತರೆ ಏನು ಬಂತು?

ಮನೆಗೆ ಬಂದಾಗ ನಮ್ಮವರು ಜೀಪಿನ ಬಾಗಿಲು ಹಿಡಿದು ನಿಂತರು. ಆ ದಿನದ ಬಗ್ಗೆ ಇವತ್ತಿಗೂ ಒಂದು ಮಾತಾಡಿಲ್ಲ. ಅದಕ್ಕೇ ನಿಮಗೆ ಬರೆದಿರಲಿಲ್ಲ. ಈಗ ನೀವು ಹೇಳುತ್ತೀರಿ, ಕೂಗಳತೆಯಲ್ಲಿ ಗಾಜಿನ ಪೆಟ್ಟಿಗೆ ಇತ್ತೆಂದು. ಅಯ್ಯ ಶಿವನೇ, ನಮಗೆ ಯಾಕೆ ಗೊತ್ತಿರಲಿಲ್ಲ? ಫೋನ್ ಮಾಡಿದ್ದರೆ ನಮ್ಮ ಬಾಗಿಲಿಗೂ ಬರುತ್ತಿತ್ತೇ? ಇದೊಂದು ಕೇಳಿ ತಿಳಿಸಿರಿ. ತಿಳಿಯದೆ ನನಗೆ ಕೂಳು ಸೇರುವುದಿಲ್ಲ.

ಶಿವಗಂಗವ್ವ

 

ಬೇಡಗ
21 ಮೇ 1988

ಶಿವಗಂಗವ್ವನವರೆ,

ನಿಮ್ಮ ಕಾಗದವನ್ನು ಇವರಿಗೆ ಓದಿ ಹೇಳಿದೆ. ಆ ಮನುಷ್ಯ ಎದ್ದು ಕೂರಲಾರದವರು, ಎದ್ದು ಕೂತರು. ನಾನು ಫೆಬ್ರುವರಿಯಲ್ಲಿ ಬರೆದದ್ದನ್ನು ಹರಿದು ಒಲೆಗೆ ಹಾಕಿರಿ. ಅದಕ್ಕಿಂತ ಹೆಚ್ಚು ನನ್ನ ಬಾಯಿಂದ ಹೊರಡುವುದಿಲ್ಲ, ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ.

ನೀವು ಕೇಳಿದಿರಲ್ಲ, ನಾನೇ ಮಿರಜಿಗೆ ಹೋಗಿ ವ್ಯಾನಿನವನನ್ನು ಹಿಡಿದು ಕೇಳಿದೆ. "ನಾಕ್ಯಾಪರ್ಯಂತ ಯೇತೋ, ಪುಢೆ ನಾಹೀ" ಎಂದ. ನಾಕಾ ತನಕ ಬರುತ್ತೇವೆ, ಮುಂದೆ ಇಲ್ಲವಂತೆ. ಯಾಕೆಂದು ಕೇಳಿದೆ. ಆಚೆ ಕರ್ನಾಟಕ, ಗಾಡಿಗೆ ಏನಾದರೂ ಆದರೆ ಯಾರು ಹೊಣೆ ಎಂದ. ಗಾಡಿಗೆ ಏನಾದರೂ ಆದರೆ! ಕೂಸಿಗೆ ಏನಾದರೂ ಆದರೆ ಯಾರು ಹೊಣೆ ಎಂದು ನಾನು ಕೇಳಿದ್ದಕ್ಕೆ ನಕ್ಕ, "ಆಜೀ, ಮೀ ಡ್ರಾಯವ್ಹರ ಆಹೇ" ಎಂದ, ತಾನು ಬರೀ ಡ್ರೈವರನಂತೆ. ನಿಮ್ಮ ದುರಗಪ್ಪನ ತಮ್ಮನೇ ಸರಿ.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನಮ್ಮ ಕಡೆಯ ಪೆಟ್ಟಿಗೆಯ ಬಗ್ಗೆ ನಾನು ಜಂಬ ಕೊಚ್ಚಿದ್ದೆ. ನಾಕಾದಿಂದ ಆಚೆ ಅದು ಬರೀ ಗಾಜು.

ಕಾಳವ್ವನನ್ನು ಕರೆತರಲು ಬುಧವಾರ ಅಣ್ಣಾಸಾಬ ಬರುತ್ತಾನೆ. ಅವಳಿಗೆ ಹೇಳಿರಿ, ನಾನು ಏನೂ ಕೇಳುವುದಿಲ್ಲ.

ಮಲಕವ್ವ

 

ಐನಾಪುರ
16 ನವೆಂಬರ್ 1988

ಅಕ್ಕಾವರೆ,

ಕಾಳವ್ವ ಈಗ ನಗುತ್ತಾಳೆ ಎಂದು ಬರೆದದ್ದನ್ನು ಓದಿ ನನಗೂ ಸ್ವಲ್ಪ ಜೀವ ಬಂತು. ನನಗೆ ಮಾತ್ರ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟು ಹೊತ್ತುಕೊಂಡೇ ಮೊನ್ನೆ ನಮ್ಮವರ ಜೊತೆ ಬೆಳಗಾವಿಗೆ, ಆರೋಗ್ಯ ಖಾತೆಯ ದೊಡ್ಡ ಸಾಹೇಬರಲ್ಲಿಗೆ ಹೋಗಿದ್ದೆ. ಜೀಪಿಗೆ ನಾಕಾ ದಾಟಲು ಒಂದು ಅಪ್ಪಣೆ ಕೊಡಿರಿ, ಇಷ್ಟೇ ನಮ್ಮ ಬೇಡಿಕೆ.

ಅಂದು ಮಕ್ಕಳ ದಿನ. ಕಚೇರಿಯ ಬಾಗಿಲಿಗೆ ಬಣ್ಣದ ಕಾಗದದ ತೋರಣ, ಗೋಡೆಗೆ ಗುಂಡಗುಂಡನೆ ಕೂಸಿನ ಚಿತ್ರ. ಹೊರಗೆ ಬೆಂಚಿನ ಮೇಲೆ ಆ ಚಿತ್ರ ನೋಡುತ್ತಲೇ ಕೂತೆವು. ಸಾಹೇಬರು ಬೆಂಗಳೂರಿನ ಕಡೆಯವರು. ಚಹಾ ಕುಡಿಸಿದರು. "ನೋಡಿ ಅಮ್ಮ, ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ. ಆದರೆ ಗಡಿ ಅಂದರೆ ಗಡಿ. ಬೇರೆ ರಾಜ್ಯಕ್ಕೆ ವಾಹನ ಕಳಿಸೋಕೆ ನನಗೆ ಅಧಿಕಾರ ಇಲ್ಲ" ಎಂದರು.

ನಾನು ಕೇಳಿದೆ, "ಸಾಹೇಬರ, ನಮ್ಮ ಕಬ್ಬಿನ ಲಾರಿ ನಾಕಾ ದಾಟತಾವು. ದ್ರಾಕ್ಷಿ ದಾಟತಾವು, ಎಮ್ಮಿ ದಾಟತಾವು. ನನ್ನ ಮಗಳ ದಿಬ್ಬಣ ಬ್ಯಾಂಡ್ ಬಾರಿಸ್ಕೋತ ದಾಟೇತಿ. ಉಸಿರು ಹಿಡದ ಕೂಸಿಗಷ್ಟ ಏನ್ರಿ ಗಡಿ?"

ಅವರು ಕಪ್ಪನ್ನು ಬಸಿಯ ಮೇಲೆ ಸರಿಯಾಗಿ ಇಟ್ಟರು. ನಮ್ಮವರು ನನ್ನ ಮೊಣಕೈ ತಿವಿದರು. ನಾನು ಬಿಡಲಿಲ್ಲ. ಎರಡು ವರ್ಷದ ಹಿಂದೆ ಗಡಿ ಗದ್ದಲವಾದಾಗ ಎರಡೂ ಕಡೆಯವರು ಈ ಊರು ನಮ್ಮದು, ಆ ಊರು ನಮ್ಮದು ಎಂದು ಬಸ್ಸಿಗೆ ಕಲ್ಲು ಹೊಡೆದರು. ನಮ್ಮ ಊರು ಇಬ್ಬರಿಗೂ ಬೇಕು. ನನ್ನ ತೊಡೆಯ ಮೇಲೆ ಕೂಸು ಬಾಯಿ ತೆರೆದಾಗ, ಈ ಕೂಸು ನಮ್ಮದು ಎನ್ನಲು ಒಬ್ಬನೂ ಬರಲಿಲ್ಲ. ಇದನ್ನೂ ಅವರ ಮುಂದೆ ಅಂದೆ.

"ಅರ್ಜಿ ಕೊಟ್ಟು ಹೋಗಿ, ಮೇಲಕ್ಕೆ ಕಳಿಸ್ತೇನೆ" ಎಂದರು. ಕೊಟ್ಟು ಬಂದೆವು. ಮೇಲೆ ಎಂದರೆ ಎಲ್ಲಿ, ಮಲ್ಲಯ್ಯನಲ್ಲಿಗೋ ಏನೋ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಒಂದು ಸಂಗತಿ. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮವರು ಬಾಯಿ ಬಿಟ್ಟರು. "ಧರೆಪ್ಪನ ಟೆಂಪೊನ ಛಲೋ ಇತ್ತು" ಎಂದರು. ಅಷ್ಟೇ.

ಶಿವಗಂಗವ್ವ

 

ಬೇಡಗ
8 ಜನವರಿ 1990

ಶಿವಗಂಗವ್ವ,

ಕಾಳವ್ವನಿಗೆ ಆರು ತಿಂಗಳು ತುಂಬುತ್ತ ಬಂತು. ಮೊದಲೇ ತಿಳಿಸಲಿಲ್ಲವೆಂದು ಸಿಟ್ಟಾಗಬೇಡಿ. ದೃಷ್ಟಿಗೆ ಹೆದರಿದೆ, ಹಣೆಬರಹಕ್ಕೆ ಹೆದರಿದೆ, ನಿಮಗೂ ಹೆದರಿದೆ. ನೀವು ಮತ್ತೆ ತವರಿಗೆ ಕರೆಯುತ್ತೀರಿ ಎಂದು.

ಈ ಸಲ ಹೆರಿಗೆ ಇಲ್ಲೇ. ಸೀಮಂತದ ಕುಬಸವೂ ಇಲ್ಲೇ. ಹಸಿರು ಸೀರೆ, ಕುಬಸ, ಬಳೆ ಏನಿದೆಯೋ ಅದನ್ನು ನೀವೇ ಇಲ್ಲಿಗೆ ತಂದು ಉಡಿ ತುಂಬಿ ಹೋಗಿರಿ. ಹುಡುಗಿ ನಾಕಾ ದಾಟಕೂಡದು. ನನ್ನನ್ನು ಕೆಟ್ಟವಳೆಂದರೆ ಅನ್ನಿರಿ.

ಮಲಕವ್ವ

 

ಐನಾಪುರ
19 ಜನವರಿ 1990

ಅಕ್ಕಾವರೆ,

ಕೆಟ್ಟವರು ಎಂದು ಯಾಕೆ ಅನ್ನಲಿ? ಕಾಗದ ಓದಿ ಗುಡಿಗೆ ಹೋಗಿ ಎಣ್ಣೆ ಹಾಕಿ ಬಂದೆ. ಹೆರಿಗೆ ನಿಮ್ಮಲ್ಲೇ ಆಗಲಿ. ಅದಕ್ಕೆ ನನ್ನ ತಕರಾರು ಇಲ್ಲ.

ಆದರೆ ಕುಬಸ? ಅತ್ತೆಯವರು ಹಟ ಹಿಡಿದು ಕೂತಿದ್ದಾರೆ. "ತವರ ಹೊಸ್ತಿಲದಾಗ ಉಡಿ ತುಂಬದಿದ್ರ ಬಸುರಿ ಮನಸಿನ್ಯಾಗ ಕೊರಗ ಉಳೀತೈತಿ. ನಾ ಕಣ್ಣ ಮುಚ್ಚೂದ್ರಾಗ ಒಮ್ಮೆ ನೋಡ್ತೇನಿ" ಎನ್ನುತ್ತಾರೆ. ಅವರಿಗೆ ಮನೆಯ ಮೆಟ್ಟಿಲು ಇಳಿಯುವುದೂ ಆಗುವುದಿಲ್ಲ, ಬೇಡಗಕ್ಕೆ ಹೇಗೆ ಕರೆತರಲಿ? ಹುಡುಗಿಗಿನ್ನೂ ಏಳೇ ತಿಂಗಳು. ಮುಂಜಾನೆ ಬರಲಿ, ಉಂಡು ಉಡಿ ತುಂಬಿಸಿಕೊಂಡು ಸಂಜೆಯೊಳಗೆ ನಿಮ್ಮ ಮನೆ ಸೇರಲಿ. ಒಂದೇ ದಿನ. ಕೊಕಟನೂರಿನಲ್ಲಿ ನಿಮ್ಮ ಅವ್ವ ನಿಮಗೆ ಕುಬಸ ಮಾಡಿದ್ದು ನೆನಪಿಲ್ಲವೇ?

ಶಿವಗಂಗವ್ವ

 

ಬೇಡಗ
27 ಜನವರಿ 1990

ಶಿವಗಂಗವ್ವ,

ನೆನಪಿದೆ. ಅವ್ವ ಹಾಕಿದ ಹಸಿರು ಬಳೆಗಳಲ್ಲಿ ಒಂದು ಇನ್ನೂ ಪೆಟ್ಟಿಗೆಯಲ್ಲಿದೆ. ಅದನ್ನು ನೆನಪಿಸಿ ನನ್ನ ಬಾಯಿ ಕಟ್ಟಿದಿರಿ, ಜಾಣೆ.

ಫೆಬ್ರುವರಿ ಒಂಬತ್ತು, ಶುಕ್ರವಾರ ಬೇಡ. ಶನಿವಾರ ಬೇಡ. ಭಾನುವಾರ ಕಳಿಸುತ್ತೇನೆ. ಸಂಜೆ ದೀಪ ಹಚ್ಚುವುದರೊಳಗೆ ಅವಳು ನನ್ನ ಅಂಗಳದಲ್ಲಿರಬೇಕು. ನಮ್ಮ ಪಕ್ಕದ ಮನೆಗೆ ಫೋನ್ ಬಂದಿದೆ, ನಂಬರನ್ನು ಅಣ್ಣಾಸಾಬ ಕೊಡುತ್ತಾನೆ. ಬೇಕಾಗದಿರಲಿ.

ಮಲಕವ್ವ

 

ಮಿರಜ
13 ಫೆಬ್ರುವರಿ 1990

ಶಿವಗಂಗವ್ವ,

ದವಾಖಾನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ. ಇದೆ. ಬೆಳಿಗ್ಗೆ ಕಾಲು ಆಡಿಸಿತು. ಡಾಕ್ಟರು ಇನ್ನೂ ಏನೂ ಹೇಳುವುದಿಲ್ಲ. ಕಾಳವ್ವನ ಹಾಲು ಬೇಕಂತೆ. ಅವಳು ಕೂರುವಂತಾದ ಕೂಡಲೇ ಕರೆತನ್ನಿರಿ, ಸೀಮೆಗೀಮೆ ನೋಡಬೇಡಿ.

ನಿಮ್ಮ ಫೋನ್ ಬಂದಾಗ "ನಾಕಾ, ನಾಕಾ" ಎಂಬುದಷ್ಟೇ ಕೇಳಿಸಿತು. ನಾನು ವ್ಯಾನ್ ಕಳಿಸಿ ನೇರ ಇಲ್ಲಿಗೆ ಓಡಿ ಬಂದೆ. ನರ್ಸಬಾಯಿ ಹೇಳುತ್ತಾಳೆ, ಒಬ್ಬ ಹೆಂಗಸು ಕೂಸನ್ನು ಸೀರೆಯೊಳಗೆ ಇಟ್ಟುಕೊಂಡು ರಸ್ತೆಯಲ್ಲಿ ನಡೆದು ಬಂದಳು, ಚಪ್ಪಲಿಯೂ ಇರಲಿಲ್ಲ ಎಂದು. ಜೀಪು ಎಲ್ಲಿತ್ತು? ನೀವು ಯಾಕೆ ನಡೆದಿರಿ? ಏನಾಯಿತು? ಈ ಸಲ ಏನೂ ನುಂಗದೆ ಬರೆಯಿರಿ.

ಮಲಕವ್ವ

 

ಐನಾಪುರ
15 ಫೆಬ್ರುವರಿ 1990

ಅಕ್ಕಾವರೆ,

ಕಾಳವ್ವನನ್ನು ಕರೆದುಕೊಂಡು ಅಣ್ಣಾಸಾಬ ಬರುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಟ್ಟಿದ್ದೇನೆ. ಏನೂ ನುಂಗುವುದಿಲ್ಲ.

ಹಸಿರು ಸೀರೆ ಉಡಿಸಿದ್ದೆವು. ಹೆಂಗಸರು ಹಾಡು ಹೇಳುತ್ತಿದ್ದರು. ಅತ್ತೆಯವರು ಉಡಿಗೆ ಅಕ್ಕಿ ಹಾಕುವಾಗ ಹುಡುಗಿ "ಯವ್ವಾ" ಎಂದು ಸೊಂಟ ಹಿಡಿದುಕೊಂಡಳು. ಉಡಿಯ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. ದವಾಖಾನೆ ಮುಟ್ಟಿದ್ದೇ ಹೆತ್ತಳು. ಹೆಣ್ಣು, ಅಳಿಲಿನಷ್ಟು. ಅಂಗೈಯಲ್ಲಿ ಹಿಡಿದರೆ ಕಾಲು ಮಾತ್ರ ಹೊರಗೆ.

ಡಾಕ್ಟರು ಮತ್ತೆ ಬೆಳಗಾವಿಗೆ ಚೀಟಿ ಬರೆದರು! ಅದೇ ಜೀಪು, ಅದೇ ದುರಗಪ್ಪ, ಅದೇ ಗಾಳಿ ಬಾಟ್ಲಿ. ಎರಡು ವರ್ಷದಲ್ಲಿ ಬದಲಾದದ್ದು ನಿಮ್ಮ ಪಕ್ಕದ ಮನೆಗೆ ಫೋನ್ ಬಂದದ್ದೊಂದೇ. ನಮ್ಮವರು ನನ್ನನ್ನೂ ಕರೆದುಕೊಂಡು ದವಾಖಾನೆಯ ಪಕ್ಕದ ಸೊಸೈಟಿಗೆ ಓಡಿ ನಿಮಗೆ ಫೋನ್ ಹಚ್ಚಿಸಿ ರಿಸೀವರ್ ನನ್ನ ಕೈಗೆ ಕೊಟ್ಟರು. ಜೀಪು ನಮ್ಮ ಮನೆಯ ಮುಂದೆ ಬಂದಾಗ ಅತ್ತೆಯವರು ತಡೆಯುತ್ತಾರೇನೋ ಎಂದು ನೋಡಿದೆ. ಮುದುಕಿ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತು, "ಸೀಮಿ ಗೀಮಿ ಸುಡ್ರಿ! ಕೂಸಿನ ಉಸಿರ ಐತಿಲ್ಲೋ ನೋಡ್ರಿ, ನಡೀರಿ!" ಎಂದು ನಮ್ಮನ್ನೇ ಗದರಿಸಿದರು. ಓದುಬರಹ ಬಾರದ ಮುದುಕಿ ಒಂದು ಮಾತಿನಲ್ಲಿ ತನ್ನ ಸೀಮೆ ಬಿಟ್ಟುಕೊಟ್ಟಳು. ಸರಕಾರಕ್ಕೆ ಎರಡು ವರ್ಷದಲ್ಲಿ ಆಗಲಿಲ್ಲ.

ಕೂಡುರಸ್ತೆಗೆ ಬಂದಾಗ ದುರಗಪ್ಪ ಗಾಡಿ ನಿಧಾನ ಮಾಡಿದ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಕಾಗವಾಡದ ಕಡೆ ಹೊರಳಿಸಿದ. "ನಾಕಾತನಕ ನಮ್ಮ ರಾಜ್ಯನ ಐತ್ರಿ ಅಕ್ಕಾರ. ಅಲ್ಲೀಮಟ ಹೊಡಿಯಾಕ ಯಾರಪ್ಪನ ಅಪ್ಪಣಿ ಬೇಕು?" ಎಂದ.

ನಾಕಾದ ಮುಂದೆ ಕಬ್ಬಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ದುರಗಪ್ಪ ಗೂಟದ ಈಚೆಗೇ ಇಂಜಿನ್ ಬಂದ್ ಮಾಡಿದ. ಆಚೆ ನಿಮ್ಮ ಬಿಳಿ ವ್ಯಾನ್ ಕಾಣುತ್ತಿತ್ತು, ನರ್ಸಬಾಯಿ ಕೈ ಬೀಸುತ್ತಿದ್ದಳು. ಇದೂ ಬರುವಂತಿಲ್ಲ, ಅದೂ ಬರುವಂತಿಲ್ಲ. ಎರಡು ಸರಕಾರದ ನಡುವೆ ಒಂದಿಷ್ಟು ಡಾಂಬರು. ಕೂಸನ್ನು ಕುಬಸದೊಳಗೆ ಎದೆಗೆ ಹಚ್ಚಿ, ಸೆರಗು ಸುತ್ತಿ ನಡೆದೆ. ಚಪ್ಪಲಿ ಎಲ್ಲಿ ಬಿದ್ದವೋ ಗೊತ್ತಿಲ್ಲ.

ನಡುವೆ ನಾಕಾದವನು ಅಡ್ಡ ಕೋಲು ಹಿಡಿದ. "ಏನ್ ಒಯ್ಯಾಕತ್ತೀರಿ ಸೆರಗಿನ್ಯಾಗ? ತೋರಸ್ರಿ" ಎಂದ. ಸಾರಾಯಿ ಬಾಟ್ಲಿ ಒಯ್ಯುತ್ತಿದ್ದೇನೆ ಎಂದುಕೊಂಡನಂತೆ! ಸೆರಗು ಸರಿಸಿ, "ನೋಡೋ ಬಾಡ್ಯಾ, ಕರ್ನಾಟಕದ ಮಾಲು! ತೂಕ ಮಾಡ್ತಿ ಏನ?" ಎಂದೆ. ಅವನು ಕೋಲು ಕೆಳಗೆ ಹಾಕಿದ. ಲಾರಿಯವರು ಒಬ್ಬೊಬ್ಬರೇ ಇಳಿದು ದಾರಿ ಬಿಟ್ಟರು. ನರ್ಸಬಾಯಿ ಕೈಚಾಚಿ ಕೂಸನ್ನು ತೆಗೆದುಕೊಂಡಳು, ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು, ವ್ಯಾನ್ ಹೋಯಿತು. ನನ್ನ ಎದೆ ಅದರ ಬಿಸಿ ಹೋಗಿ ತಣ್ಣಗಾಗಿತ್ತು. ಅಲ್ಲೇ ರಸ್ತೆಯ ಮೇಲೆ ಕೂತು ಬಾಯಿಗೆ ಬಂದಂತೆ ಬೈದೆ. ಯಾರನ್ನು ಬೈದೆ ಎಂದು ಕೇಳಬೇಡಿ. ಎರಡೂ ಕಡೆಯವರನ್ನು.

ಕೂಸಿನ ಸುದ್ದಿ ದಿನಾ ಫೋನಿನಲ್ಲಿ ತಿಳಿಸಿರಿ.

ಶಿವಗಂಗವ್ವ

 

ಬೇಡಗ
20 ಏಪ್ರಿಲ್ 1990

ಶಿವಗಂಗಾ,

ಮೊಮ್ಮಗಳು ಮನೆಗೆ ಬಂದಳು! ಪದ್ಧತಿಯಂತೆ ತಿಪ್ಪೆಯ ಮೇಲೆ ಮೊರದಲ್ಲಿ ಮಲಗಿಸಿ, ನಾಮದೇವನ ಹೆಂಡತಿಯ ಕೈಯಿಂದ ಎತ್ತಿಸಿ, ತಿಪ್ಪವ್ವ ಎಂದು ಕರೆದೆವು. ಯಾರಿಗೂ ಬೇಡಾದ ಹೆಸರಿದ್ದರೆ ಯಮನೂ ಕೇಳುವುದಿಲ್ಲ. ದನಿ ಮಾತ್ರ ನಿನ್ನದೇ, ಹಸಿವಾದರೆ ಓಣಿಯೇ ಎದ್ದು ಕೂರುತ್ತದೆ.

ತೊಟ್ಟಿಲನ್ನು ನೀನು ತರಬೇಕು. ಮುಂದಿನ ವಾರ ಎಲ್ಲರೂ ಬನ್ನಿ.

ಒಂದು ಮಾತು. ನಿಮ್ಮ ದುರಗಪ್ಪ ಮೊನ್ನೆ ನಿಮ್ಮ ಕಡೆಯ ಇನ್ನೊಂದು ಕೂಸನ್ನು ನಾಕಾಕ್ಕೆ ತಂದನಂತೆ, ಅದನ್ನೂ ನೀನೇ ದಾಟಿಸಿದಿಯಂತೆ. ನರ್ಸಬಾಯಿ ಹೇಳಿದಳು. ನನಗೆ ಯಾಕೆ ಬರೆಯಲಿಲ್ಲ? ಇನ್ನು ಮುಂದೆ ಇಂಥದ್ದು ಬಂದರೆ ನನಗೇ ಫೋನ್ ಹಚ್ಚಿಸು. ವ್ಯಾನ್ ಹೊರಡಿಸುವ ಕೆಲಸ ನನ್ನದು, ಅವರಿಗೆ ನನ್ನ ಬಾಯಿಯ ರುಚಿ ಗೊತ್ತಾಗಿದೆ.

ನಿನ್ನ ಅಕ್ಕ
ಮಲಕವ್ವ

 

ಐನಾಪುರ
4 ಡಿಸೆಂಬರ್ 1991

ಮಲಕಕ್ಕಾ,

ತಿಪ್ಪವ್ವ ಓಡಾಡುತ್ತಾಳೆ, ಅಜ್ಜಿಯ ಕನ್ನಡಕ ಮುರಿದಳು ಎಂದು ಬರೆದಿದ್ದೀರಿ. ಮುರಿಯಲಿ ಬಿಡಿ, ಇನ್ನೊಂದು ತರೋಣ.

ಮೇಲಕ್ಕೆ ಹೋಗಿದ್ದ ನಮ್ಮ ಅರ್ಜಿಗೆ ಉತ್ತರ ಬಂತು. ಮೂರು ವರ್ಷ ಹಿಡಿಯಿತು. ಅದರಲ್ಲಿದ್ದದ್ದನ್ನು ಹಾಗೆಯೇ ಬರೆಯುತ್ತೇನೆ: "ಸದರಿ ಭಾಗದಲ್ಲಿ ಸ್ಥಳೀಯರ ಸಹಕಾರದಿಂದ ನವಜಾತ ಶಿಶುಗಳನ್ನು ಗಡಿಯಲ್ಲಿ ಹಸ್ತಾಂತರಿಸುವ ವ್ಯವಸ್ಥೆ ಈಗಾಗಲೇ ಚಾಲ್ತಿಯಲ್ಲಿರುವುದರಿಂದ ಪ್ರತ್ಯೇಕ ಆದೇಶದ ಅವಶ್ಯಕತೆ ಕಂಡುಬರುವುದಿಲ್ಲ. ಕಡತ ಮುಕ್ತಾಯಗೊಳಿಸಲಾಗಿದೆ."

ವ್ಯವಸ್ಥೆ ಎಂದರೆ ಯಾರು ಗೊತ್ತಾಯಿತೇ ಅಕ್ಕಾ? ನಾನು! ಫೋನ್ ಹಚ್ಚುವ ನೀವು, ಕೈಯಲ್ಲಿನ ಹಿಟ್ಟು ತೊಳೆಯದೆ ಓಡುವ ನಾನು, ನೌಕರಿಗೆ ಅಂಜಿ ಅಂಜಿ ನಾಕಾ ತನಕ ಹೊಡೆಯುವ ದುರಗಪ್ಪ. ಮಾಡಿ ತೋರಿಸಿದೆವಲ್ಲ, ಅದೇ ನಮ್ಮ ತಪ್ಪು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಮ್ಮವರು ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ಈ ಕಾಗದ ಓದಿದ ಮೇಲೆ ಅವರೂ ನಗಲಿಲ್ಲ.

ಸೋಮವಾರದ ಸಂಗತಿ ನಿಮಗೆ ಅರ್ಧ ಗೊತ್ತಿದೆ. ಉಳಿದರ್ಧ ಹೇಳುತ್ತೇನೆ. ಕುರಿ ಕಾಯುವ ಮಾಳಸಿದ್ದನ ಹೆಂಡತಿ ಲಗಮವ್ವ ಹೆತ್ತಳು. ಕೂಸಿಗೆ ಉಸಿರಾಟ ಸರಿ ಇರಲಿಲ್ಲ. ನೀವು ಮಿರಜಿಗೆ ಫೋನ್ ಮಾಡಿದಿರಿ, ಆದರೆ ವ್ಯಾನ್ ಸಾಂಗಲಿಯ ಕಡೆ ಇನ್ನೊಂದು ಕೂಸಿಗೆ ಹೋಗಿತ್ತು. ನಿಮ್ಮದು ಏನೂ ತಪ್ಪಿಲ್ಲ, ಅಳಬೇಡಿ. ವ್ಯಾನಿನವರದೂ ತಪ್ಪಿಲ್ಲ, ಆ ಕೂಸೂ ಕೂಸೇ.

ನಾವು ನಾಕಾದಲ್ಲಿ ಕಾದೆವು. ದುರಗಪ್ಪನಿಗೆ ಬೇರೆ ಕಡೆ ಬದಲಿಯಾಗಿದೆ. ಹೊಸ ಡ್ರೈವರ್ ಕೀಲಿಕೈ ಕಿಸೆಗೆ ಹಾಕಿಕೊಂಡು ದೂರ ನಿಂತುಬಿಟ್ಟ. ಜೀಪು ಬಿಟ್ಟು ಇಳಿದರೆ ಗಾಳಿ ಬಾಟ್ಲಿ ಇಲ್ಲ, ಜೀಪಿನಲ್ಲೇ ಕೂತರೆ ಮಿರಜ ಇಲ್ಲ. ಮಾಳಸಿದ್ದ ಅವನ ಕಾಲು ಹಿಡಿದ. "ಯಪ್ಪಾ, ಒಂದ್ ಸಲ ದಾಟಸು. ನನ್ನ ಕುರಿ ದಿನಾ ಆ ಕಡೆ ಮೇಯಾಕ ಹೋಗ್ತಾವು, ಯಾರೂ ಕೇಳೂದಿಲ್ಲ" ಎಂದ. ಕಡೆಗೆ ಇಳಿದು ಒಂದು ಕಬ್ಬಿನ ಲಾರಿ ಹತ್ತಿದೆವು. ಲಾರಿಯ ಕಾಗದಕ್ಕೆ ನಾಕಾದ ಮುದ್ರೆ, ಠಸ್ಸೆ ಬೀಳುವುದರೊಳಗೆ ಕೂಸು ನನ್ನ ಕೈಯಲ್ಲಿ ಹೋಯಿತು. ಆಮೇಲೆ ಠಸ್ಸೆ ಬಿತ್ತು. ಲಗಮವ್ವನಿಗೆ ಹೇಗೆ ಹೇಳಲಿ ಎಂದು ಮಾಳಸಿದ್ದ ನನ್ನನ್ನು ಕೇಳಿದ.

ನಾಕಾದಲ್ಲಿ ಒಬ್ಬ ಹೊಸ ಗುಮಾಸ್ತ ಇದ್ದಾನೆ, ಸಣ್ಣ ವಯಸ್ಸು. ಹತ್ತಿರ ಬಂದು ಮೆತ್ತಗೆ ಕೇಳಿದ, "ಅವ್ವಾರ, ಬರಕೋಬೇಕಾಗ್ತೈತಿ. ಕೂಸು ಹೋಗಿದ್ದು ಈ ಕಡೆನೋ ಆ ಕಡೆನೋ?"

ಎರಡೂ ಕಡೆ ಬರೆದುಕೋ ಎಂದೆ.

ಅಕ್ಕಾ, ಮುಂದಿನ ಸೋಮವಾರ ಬೆಳಗಾವಿಗೆ ಹೊರಟಿದ್ದೇನೆ. ಮಾಳಸಿದ್ದ ಬರುತ್ತಾನೆ. ಬಾಣಂತಿ ಲಗಮವ್ವ ಬರಿಗೈಯಲ್ಲೇ ಬರುತ್ತೇನೆ ಎಂದಿದ್ದಾಳೆ, ಬೇಡವೆಂದರೂ ಕೇಳುವುದಿಲ್ಲ. ನಮ್ಮವರು ಧರೆಪ್ಪನ ಟೆಂಪೊ ಹೇಳಿದ್ದಾರೆ. ಸಾಹೇಬರ ಮುಂದೆ ನಿಂತು, ನಿಮ್ಮ ವ್ಯವಸ್ಥೆ ಬಂದಿದೆ, ನೋಡಿರಿ ಎನ್ನುತ್ತೇನೆ. ಕಡತ ಬಿಚ್ಚುವ ತನಕ ಆ ಬೆಂಚಿನಿಂದ ಏಳುವುದಿಲ್ಲ. ಅಲ್ಲಿಂದ ನಿಮ್ಮ ಕಡೆಯ ಸಾಹೇಬರಲ್ಲಿಗೂ ಹೋಗೋಣ, ಅವರೊಂದಿಗೆ ಮರಾಠಿಯಲ್ಲಿ ಜಗಳ ಆಡಲು ನೀವು ಬೇಕು.

ತಿಪ್ಪವ್ವನನ್ನೂ ಎತ್ತಿಕೊಂಡು ಬನ್ನಿರಿ. ನಾಕಾ ದಾಟಿ ಬನ್ನಿರಿ. ಜೀವ ಗಟ್ಟಿ ಇದ್ದವರನ್ನು ಅಲ್ಲಿ ಯಾರೂ ತಡೆಯುವುದಿಲ್ಲ.

ನಿಮ್ಮ ತಂಗಿ
ಶಿವಗಂಗವ್ವ